ಅಜ್ಜಿ ಕೊಂಡುಹೋದ ಪಟ್ಟಿ

"ನಿಮಗೆ ಉಡುಗೊರೆ ಎಂತ ಬೇಕು?" ಎಂದು ಮದುಮಗಳನ್ನು ಬಾಯಿಬಿಟ್ಟು ಕೇಳುವ ಕ್ರಮ ನಮ್ಮ ಕಡೆ ಇಲ್ಲ. ಕೇಳಿದರೂ ಅವಳು ಹೇಳುವುದಿಲ್ಲ. ನನ್ನ ಮದುವೆಯಲ್ಲಿಯೂ ಯಾರೂ ಕೇಳಲಿಲ್ಲ, ಹಾಗಾಗಿ ಒಂಬತ್ತು ಲೆಮನ್ ಸೆಟ್ ಬಂದವು. ಸೆಟ್ಟಿಗೆ ಒಂದು ಜಗ್ಗು, ಆರು ಲೋಟ. ಐವತ್ತನಾಲ್ಕು ಮಂದಿ ಒಟ್ಟಿಗೆ ಕುಳಿತು ಶರಬತ್ತು ಕುಡಿಯುವ ಸಂದರ್ಭ ಕಾರ್ಕಳದ ನಮ್ಮ ಮನೆಗೆ ಇನ್ನೂ ಒದಗಿಲ್ಲ. ಇಂಥ ನಾನು ಈಗ ಸೌದಿಯ ಅಲ್ ಅಹ್ಸಾದಲ್ಲಿ, ಹೊಫೂಫ್ ಪೇಟೆಯ ಒಂದು ದೊಡ್ಡ ಪಾತ್ರೆ ಅಂಗಡಿಯಲ್ಲಿ, ಮದುಮಗಳನ್ನು ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿ ಅವಳಿಗೆ ಏನೇನು ಬೇಕೆಂದು ಕೇಳಿ ಬರೆದುಕೊಳ್ಳುವ ಕೆಲಸದಲ್ಲಿದ್ದೇನೆ. ನನ್ನ ಕಾರ್ಡಿನಲ್ಲಿ 'ಸೇಲ್ಸ್ ಕನ್ಸಲ್ಟೆಂಟ್' ಎಂದಿದೆ. ಇಲ್ಲಿನ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿರುವ ನನ್ನ ಗಂಡ ಮಾತ್ರ ಊರಿನವರ ಫೋನ್ ಬಂದಾಗ, "ಅವಳು ಪಾತ್ರೆ ಅಂಗಡಿಗೆ ಹೋಗಿದ್ದಾಳೆ" ಎನ್ನುತ್ತಾರೆ. ಕೇಳಿದವರು ನಾನು ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದು ಬಾಣಲೆ ಆರಿಸುತ್ತಿದ್ದೇನೆ ಎಂದುಕೊಳ್ಳುತ್ತಾರೆ.

ಪಟ್ಟಿಯ ಕ್ರಮ ಸರಳ. ಮದುಮಗಳು ತನಗೆ ಬೇಕಾದುದನ್ನು ಆರಿಸುತ್ತಾಳೆ. ನಾನು ಕಂಪ್ಯೂಟರಿಗೆ ಹಾಕುತ್ತೇನೆ. ಅವಳ ಅತ್ತಿಗೆ, ಚಿಕ್ಕಮ್ಮ, ಗೆಳತಿಯರು ಬಂದು ಅದರಲ್ಲಿ ಒಂದೊಂದನ್ನು ಕೊಳ್ಳುತ್ತಾರೆ. ಮದುವೆಗೆ ಮೊದಲು ಹೆಂಗಸರು ಮಾತ್ರ ಸೇರುವ ಬ್ರೈಡಲ್ ಶವರ್ ದಿನ ಎಲ್ಲವನ್ನೂ ಬಿಚ್ಚಿ, ಚಪ್ಪಾಳೆ ತಟ್ಟಿ, ಕೇಕ್ ತಿನ್ನುತ್ತಾರೆ. ಆ ಕೂಟವನ್ನು ನಡೆಸಿಕೊಡುವುದೂ ನಮ್ಮ ಅಂಗಡಿಯೇ. ಹೀಗೊಂದು ವಿಭಾಗ ಬೇಕೆಂದು ಮ್ಯಾನೇಜರನ್ನು ಆರು ತಿಂಗಳು ಕಾಡಿದವಳೂ ನಾನೇ. ಕೊನೆಗೆ ಅವರು ಒಪ್ಪಿದರು. ಮೊದಲ ಮದುಮಗಳಾಗಿ ಮಹಾ ಎಂಬ ಹುಡುಗಿ ಬಂದಳು. ಶಾಲೆಯ ಟೀಚರು, ಒಳ್ಳೆಯ ಇಂಗ್ಲಿಷು, ನಗುಮುಖ. ಎರಡು ಸಂಜೆ ಕುಳಿತು ಇಪ್ಪತ್ತೆಂಟು ಸಾಮಾನಿನ ಪಟ್ಟಿ ಮಾಡಿದೆವು. ಅವಳು ಕರೆಯಬೇಕಾದ ಅತಿಥಿಗಳು ಇಪ್ಪತ್ತೇಳು. ಒಬ್ಬೊಬ್ಬರಿಗೆ ಒಂದೊಂದು, ಕೈಯಲ್ಲಿ ಒಂದು ಹೆಚ್ಚಿಗೆ. ಎಷ್ಟು ಚೆಂದದ ಲೆಕ್ಕ ಎಂದು ನಾನೇ ನನ್ನ ಬೆನ್ನು ತಟ್ಟಿಕೊಂಡೆ.

ಭಾನುವಾರ ಮಧ್ಯಾಹ್ನ ಮಹಾಳ ಅಜ್ಜಿ ಬಂದರು. ಉಮ್ಮ್ ಸಾಲೆಹ್ ಎಂದು ಹೆಸರು. ಖರ್ಜೂರದ ತೋಟದ ಯಜಮಾನಿ, ಕೈಯಲ್ಲಿ ಬೆತ್ತ. ಆ ಹೊತ್ತಿಗೆ ನನ್ನ ಜೊತೆಗಾತಿ ರೀಮ್ ಊಟಕ್ಕೆ ಹೋಗಿದ್ದಳು. ಅವಳು ಇಲ್ಲಿಯವಳೇ ಆದ್ದರಿಂದ ಅರಬ್ಬಿಯಲ್ಲಿ ನನ್ನ ಮಾನ ಕಾಯುವುದು ಅವಳೇ. ಅವಳಿಲ್ಲದಾಗ ನಾನು ಹೆಚ್ಚು ಮಾತಾಡಬಾರದು. ಆದರೆ ನನಗೆ ಬರುವ ನಲವತ್ತು ಅರಬ್ಬಿ ಶಬ್ದಗಳನ್ನು ಎಲ್ಲಿಯಾದರೂ ಉಪಯೋಗಿಸಬೇಕಲ್ಲ? ಅಜ್ಜಿ ಪಟ್ಟಿಯ ಮೇಲೆ ಬೆರಳಿಟ್ಟು, "ಕುಲ್ಲು?" ಎಂದರು. 'ಇದೆಲ್ಲ ಮಹಾಳದೇ?' ಎಂದು ಕೇಳುತ್ತಿದ್ದಾರೆ ಎಂದುಕೊಂಡು ನಾನೂ ಹಲ್ಲು ಕಿರಿದು, "ಕುಲ್ಲು, ಕುಲ್ಲು! ಎಲ್ಲವೂ!" ಎಂದೆ. ಅಜ್ಜಿ ತಲೆಯಾಡಿಸಿ ಬೆತ್ತದಿಂದ ಬಾಗಿಲ ಕಡೆ ತೋರಿಸಿದರು. ಹೊರಗೆ ಅವರ ಪಿಕಪ್ ನಿಂತಿತ್ತು.

ಅವರು ಇಪ್ಪತ್ತೆಂಟನ್ನೂ ಕೊಳ್ಳಲು ಬಂದಿದ್ದಾರೆ ಎಂದು ನನಗೆ ಹೊಳೆದದ್ದು ಐದನೆಯ ಪೆಟ್ಟಿಗೆ ಹೋಗುವಾಗ. ಆಗಲಾದರೂ ತಡೆಯಬಹುದಿತ್ತು. ತಡೆಯಲಿಲ್ಲ. ಗಾಜಿನ ಕೋಣೆಯೊಳಗಿಂದ ನೋಡುತ್ತಿದ್ದ ಮ್ಯಾನೇಜರ ಮುಖ ಅರಳಿದ ಬಗೆಯನ್ನು ನೀವು ನೋಡಿದ್ದರೆ ನೀವೂ ತಡೆಯುತ್ತಿರಲಿಲ್ಲ. ಕಾಫಿ ಮೆಷಿನ್, ಏರ್ ಫ್ರೈಯರ್, ಪ್ರೆಶರ್ ಕುಕ್ಕರ್, ಕೊನೆಗೆ ಹಿಟ್ಟಿನ ಜರಡಿ ಕೂಡ ಪಿಕಪ್ ಏರಿತು. ಊಟ ಮುಗಿಸಿ ಬಂದ ರೀಮ್ ಖಾಲಿ ಕಪಾಟು ನೋಡಿ, "ಅಂಗಡಿಗೆ ಕಳ್ಳರು ನುಗ್ಗಿದರಾ?" ಎಂದಳು.

ಮರುದಿನ ಮಹಾಳ ಫೋನು, ಅಳುತ್ತಾ. ಫೋನಿನಲ್ಲಿ ಪಟ್ಟಿ ತೆರೆದ ಅತಿಥಿಗಳಿಗೆ ಪ್ರತಿಯೊಂದು ಸಾಮಾನಿನ ಮುಂದೆಯೂ 'ಮಾರಾಟವಾಗಿದೆ' ಎಂದು ಕಾಣುತ್ತಿತ್ತು. "ಎಲ್ಲವನ್ನೂ ಮೊದಲೇ ತರಿಸಿಕೊಂಡು, ಈಗ ನಮ್ಮನ್ನು ಕೇಕ್ ತಿನ್ನಲು ಕರೆದಿದ್ದೀಯಾ?" ಎಂದು ದೊಡ್ಡ ಚಿಕ್ಕಮ್ಮ ಮುನಿಸಿಕೊಂಡರಂತೆ. ಅವರು ಬರದಿದ್ದರೆ ಅವರ ಕಡೆಯ ಎಂಟು ಮಂದಿಯೂ ಬರುವುದಿಲ್ಲ. ಭಾನುವಾರ ಅರಳಿದ್ದ ಮ್ಯಾನೇಜರ ಮುಖ ಸೋಮವಾರ ಮುದುಡಿತು. "ಅರ್ಧ ಸಾಮಾನಾದರೂ ವಾಪಸು ಬರಬೇಕು. ಗುರುವಾರದ ಕೂಟ ಕೆಟ್ಟರೆ ನಿಮ್ಮ ವಿಭಾಗಕ್ಕೆ ಇದೇ ಮೊದಲು, ಇದೇ ಕೊನೆ" ಎಂದರು. ಮನೆಗೆ ಬಂದು ಇವರ ಹತ್ತಿರ ಹೇಳಿಕೊಂಡೆ. "ಎಂತ ಮಾರಾಯ್ತಿ, ಮಾರಲಿಕ್ಕೆ ಆಗದೆ ಕೆಲಸ ಹೋದವರನ್ನು ನೋಡಿದ್ದೇನೆ. ಮಾರಿ ಕೆಲಸ ಕಳೆದುಕೊಳ್ಳುವವಳು ನೀನೊಬ್ಬಳೇ" ಎಂದು ನಕ್ಕರು. ನಕ್ಕರೂ ಮಂಗಳವಾರ ಸಂಜೆ ನನ್ನನ್ನೂ ರೀಮ್‌ಳನ್ನೂ ಅಜ್ಜಿಯ ತೋಟಕ್ಕೆ ಕರೆದುಕೊಂಡು ಹೋದವರು ಅವರೇ. ಅಲ್ಲಿ ಗಂಡಸರು ಕೂರುವ ಮಜ್ಲಿಸ್‌ನಲ್ಲಿ ಖರ್ಜೂರದ ತಟ್ಟೆಯ ಮುಂದೆ ಅವರು ಸುಖವಾಗಿ ಸ್ಥಾಪಿತರಾದರು.

ನಾವಿಬ್ಬರು ಒಳಗೆ ಹೋದೆವು. ಪೆಟ್ಟಿಗೆಗಳೆಲ್ಲ ಗೋಡೆಯ ಬದಿಗೆ ಸಾಲಾಗಿ ಕುಳಿತಿದ್ದವು. ನಾನು ಹೇಳುವುದು, ರೀಮ್ ಅರಬ್ಬಿ ಮಾಡುವುದು. ಹತ್ತು ಜನ ಹತ್ತು ಸಾಮಾನು ಕೊಟ್ಟರೆ ಸಂತೋಷ ಹಂಚಿಕೆಯಾಗುತ್ತದೆ ಎಂಬ, ಮ್ಯಾನೇಜರಿಗೆ ಆರು ತಿಂಗಳು ಹೇಳಿದ ಭಾಷಣವನ್ನೇ ಒಪ್ಪಿಸಿದೆ. ಅಜ್ಜಿ ಪೂರ್ತಿ ಕೇಳಿದರು. ಆಮೇಲೆ, "ಮಗಳೇ, ನನ್ನ ಮೊಮ್ಮಗಳು ಒಂದು ಜರಡಿಗಾಗಿ ಊರವರ ಮುಂದೆ ಚೀಟಿ ಹಿಡಿಯಬೇಕಾ? ನಾನು ಸತ್ತಿದ್ದೇನಾ?" ಎಂದರು. ನನ್ನ ಅಜ್ಜಿ ಬದುಕಿದ್ದರೆ ಇದನ್ನೇ ಹೇಳುತ್ತಿದ್ದರು. ಇದಕ್ಕಿಂತ ಜೋರಾಗಿ, ತುಳುವಿನಲ್ಲಿ. "ಹಾಗಾದರೆ ಸ್ವಲ್ಪ ವಾಪಸು..." ಎಂದು ರೀಮ್ ಶುರುಮಾಡಿದಳು. ಅಜ್ಜಿ ಬೆತ್ತವನ್ನು ಎತ್ತಲಿಲ್ಲ, ಸುಮ್ಮನೆ ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡರು. ರೀಮ್ ತಟ್ಟನೆ, ಕೊಟ್ಟ ಕಾಫಿ ಬಹಳ ಚೆನ್ನಾಗಿದೆ ಎಂದಳು.

ಸೋತು ಏಳುವಾಗ ಮೂಲೆಯ ಬುಟ್ಟಿಯೊಂದು ಕಣ್ಣಿಗೆ ಬಿತ್ತು. ಅದರ ತುಂಬ ಕೆಂಪಕ್ಕಿ, ಈ ಊರಿನಲ್ಲೇ ಬೆಳೆಯುವುದು. ನನಗೆ ಎಲ್ಲಿದ್ದೇನೆ, ಏತಕ್ಕೆ ಬಂದಿದ್ದೇನೆ ಎಂಬುದೇ ಮರೆತುಹೋಯಿತು. ಒಂದು ಹಿಡಿ ಎತ್ತಿಕೊಂಡು, "ಅಯ್ಯೋ, ನಮ್ಮ ಊರಿನ ಅಕ್ಕಿಯ ಹಾಗೇ ಉಂಟಲ್ಲ ಮಾರಾಯ್ರೆ!" ಎಂದು ಅಪ್ಪಟ ಕನ್ನಡದಲ್ಲಿ ಕೂಗಿದೆ. ಅನುವಾದ ಬೇಕಾಗಲಿಲ್ಲ. ಅಜ್ಜಿಯ ಮುಖ ಸಡಿಲವಾಯಿತು. ಅಕ್ಕಿ ಕೊಡಲು ಹತ್ತಿರ ಬೇರೇನೂ ಕಾಣದೆ, ಗೋಡೆ ಬದಿಯ ಪೆಟ್ಟಿಗೆಯೊಂದನ್ನು ಬಿಚ್ಚಿ ಹೊಸ ಸ್ಟೀಲ್ ಡಬ್ಬ ತೆಗೆದು ತುಂಬಿಸಿಯೇ ಬಿಟ್ಟರು. "ಅಜ್ಜಿ, ಅದು ಮದುಮಗಳದ್ದು!" ಎಂದಳು ರೀಮ್. "ವಾಪಸು ತಂದುಕೊಡುತ್ತಾಳೆ. ಖಾಲಿ ತರುವುದಿಲ್ಲ, ಅಷ್ಟೆ" ಎಂದರು ಅಜ್ಜಿ. ನಾನು ಸುಮ್ಮನಿರದೆ, "ನಮ್ಮಲ್ಲಿಯೂ ಹಾಗೆಯೇ! ಪಕ್ಕದ ಮನೆಯ ಪಾತ್ರೆಯನ್ನು ಖಾಲಿ ಕೊಡುವುದೇ ಇಲ್ಲ. ಏನಿಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕುತ್ತೇವೆ" ಎಂದೆ.

ರೀಮ್ ಅದನ್ನು ಅರಬ್ಬಿ ಮಾಡಿದಳು. ಅಜ್ಜಿ ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಪೆಟ್ಟಿಗೆಗಳ ಸಾಲನ್ನು ನೋಡಿದರು. "ಖಾಲಿ ಪಾತ್ರೆಗಳು ಹೊಸ ಮನೆಗೆ ಹೋಗಬಾರದು" ಎಂದು ನಿಧಾನವಾಗಿ ಹೇಳಿ, ಡ್ರೈವರನ್ನು ಕರೆದರು. ಬುಧವಾರ ಇಡೀ ದಿನ ಆ ಪಿಕಪ್ ಹೊಫೂಫ್ ಸುತ್ತಿ, ಒಬ್ಬೊಬ್ಬ ಅತಿಥಿಗೂ ಒಂದೊಂದು ಸಾಮಾನು ಇಳಿಸಿ ಬಂತು. ಜೊತೆಗೆ ಒಂದೇ ಮಾತು: ತುಂಬಿಸಿ ತನ್ನಿ. ನನ್ನ ಪಾಲಿನ ಡಬ್ಬವಂತೂ ಆಗಲೇ ನನ್ನ ಅಡುಗೆಮನೆಯಲ್ಲಿತ್ತು.

ಗುರುವಾರ ಸಂಜೆ ಮಹಾಳ ಮನೆಗೆ ಎಲ್ಲರೂ ಬಂದರು. ನಾನು ಯೋಜಿಸಿದ್ದ ಆಟಗಳ ಕಾಗದ ಕೈಚೀಲದಲ್ಲೇ ಉಳಿಯಿತು. ಮುಚ್ಚಳ ತೆರೆಯುವುದೇ ಆಟವಾಯಿತು. ಕುಕ್ಕರಿನಲ್ಲಿ ಅನ್ನ ತುಂಬಿದ ದ್ರಾಕ್ಷಿ ಎಲೆಯ ಸುರುಳಿ, ಏರ್ ಫ್ರೈಯರಿನೊಳಗೆ ಚಾಕೊಲೇಟು, ಕೇಕಿನ ಅಚ್ಚಿನಲ್ಲಿ ಧೂಪದ ಚೂರು. ಜರಡಿ ಸಿಕ್ಕಿದ್ದು ಮುನಿಸಿಕೊಂಡ ದೊಡ್ಡ ಚಿಕ್ಕಮ್ಮನಿಗೇ. ಜರಡಿಯಲ್ಲಿ ಏನು ನಿಲ್ಲುತ್ತದೆ? ಆಕೆ ಅದರ ತುಂಬ ಗುಲಾಬಿ ಹೂವು ತಂದಿದ್ದರು. ಮಹಾ ಓಡಿಹೋಗಿ ಅವರ ಕುತ್ತಿಗೆಗೆ ಜೋತುಬಿದ್ದಳು. ಅಜ್ಜಿ ಬೆತ್ತವನ್ನು ಗೋಡೆಗೆ ಒರಗಿಸಿ ಚಪ್ಪಾಳೆ ತಟ್ಟಿದರು. ನನ್ನ ವಿಭಾಗ ಉಳಿಯಿತು.

ಆಮೇಲೆ ನನ್ನ ಡಬ್ಬದ ಸರದಿ. ಹೇಳಲು ನಾಚಿಕೆ, ನಾನು ರವೆ ಉಂಡೆ ಮಾಡಹೊರಟು, ಉಂಡೆ ಕಟ್ಟಲು ಬಾರದೆ ಎಲ್ಲವೂ ಪುಡಿಯಾಗಿಯೇ ಉಳಿದಿತ್ತು. ಇನ್ನೊಮ್ಮೆ ಮಾಡಲು ಹೊತ್ತಿರಲಿಲ್ಲ. ಡಬ್ಬಕ್ಕೆ ಸುರಿದು ಮೇಲೊಂದು ಚಮಚ ಚುಚ್ಚಿ, "ಇದನ್ನು ನಮ್ಮಲ್ಲಿ ಚಮಚದಲ್ಲೇ ತಿನ್ನುವುದು" ಎಂದೆ, ಕನ್ಸಲ್ಟೆಂಟಿನ ಗಾಂಭೀರ್ಯದಿಂದ. ಅಜ್ಜಿ ಕಹಿ ಕಾಫಿಯ ಜೊತೆ ಒಂದು ಚಮಚ ಬಾಯಿಗೆ ಹಾಕಿಕೊಂಡರು. ಇನ್ನೊಂದು ಹಾಕಿಕೊಂಡರು. ಮೂರನೆಯದಕ್ಕೆ ಡಬ್ಬವನ್ನೇ ಮಡಿಲಿಗೆ ಎಳೆದುಕೊಂಡರು. ಮದುಮಗಳ ಆ ಡಬ್ಬ ಇಂದಿಗೂ ಮದುಮಗಳ ಹೊಸ ಮನೆ ಸೇರಿಲ್ಲ. ಹದಿನೈದು ದಿನಕ್ಕೊಮ್ಮೆ ತೋಟದಿಂದ ಖರ್ಜೂರವೋ ಕೆಂಪಕ್ಕಿಯೋ ತುಂಬಿಕೊಂಡು ನನ್ನ ಮೇಜಿಗೆ ಬರುತ್ತದೆ, ನಾನು ಅದನ್ನು ಖಾಲಿ ಕಳಿಸುವಂತಿಲ್ಲ. ಇಷ್ಟು ಸಲ ಮಾಡಿ ಮಾಡಿ ಕೈ ಪಳಗಿತೋ ಏನೋ, ಮೊನ್ನೆ ಮೊದಲ ಸಲ ನನ್ನ ರವೆ ಉಂಡೆ ದುಂಡಗೆ, ಗಟ್ಟಿಯಾಗಿ, ಊರಿನಲ್ಲಿ ಅತ್ತೆ ಕಟ್ಟುವ ಉಂಡೆಯ ಹಾಗೆಯೇ ಬಂತು. ಇವರನ್ನು ಕರೆದು ತೋರಿಸಿದೆ, ಫೋಟೋ ತೆಗೆದು ಅತ್ತೆಗೂ ಕಳಿಸಿದೆ. ಆಮೇಲೆ ಲಟ್ಟಣಿಗೆ ತೆಗೆದುಕೊಂಡು ಒಂದೊಂದನ್ನೇ ಕುಟ್ಟಿ ಪುಡಿಮಾಡಿ, ಡಬ್ಬ ತುಂಬಿಸಿ, ಮೇಲೆ ಚಮಚ ಚುಚ್ಚಿದೆ.