ಸೋದರಮಾವನ ಸೀರೆಯೂ ಕಾಲು ಚಾಚುವ ಬೈಕೂ

ಮೂವತ್ತು ವರ್ಷ, ನೆಲದ ಕುಣಿಯೊಳಗೆ ಕಾಲು ಚಾಚುವ ಕುಣಿಮಗ್ಗದಲ್ಲಿ ಕೂತು ಸೀರೆ ನೇಯ್ದವನಿಗೆ ಲೋಕದ ಬೇರೆ ಯಾವ ಆಸನವೂ ಒಗ್ಗುವುದಿಲ್ಲ. ಕುರ್ಚಿಯಲ್ಲಿ ಕೂತರೆ ಕಾಲು ಎಲ್ಲಿಡಬೇಕೆಂದು ತಿಳಿಯುವುದಿಲ್ಲ. ಬೇರೆಯವರ ಬೈಕು ಹತ್ತಿದರೆ ಕಟ್ಟೆಯ ತುದಿಯಲ್ಲಿ ಕೂತಂತಾಗುತ್ತದೆ. ಹೀಗಿರುವಾಗ ಅಂಗಡಿಯೊಂದರಲ್ಲಿ ಆ ಸಣ್ಣ ಕ್ರೂಸರ್ ಬೈಕು ಕಂಡಿತು. ಸೀಟು ನೆಲಕ್ಕೆ ಹತ್ತಿರ. ಕಾಲು ಮುಂದಕ್ಕೆ ಚಾಚಿ, ಬೆನ್ನು ನೆಟ್ಟಗಿಟ್ಟು, ಕೈ ಅಗಲಿಸಿ ಕೂಡಬೇಕು. ಇದು ಗಾಲಿ ಹಚ್ಚಿದ ಮಗ್ಗವೇ ಸರಿ ಅಂದುಕೊಂಡೆ. ಮರುದಿನವೇ ಅದು ಗಜೇಂದ್ರಗಡದ ನಮ್ಮ ಮನೆ ಮುಂದೆ ಬಂದು ನಿಂತಿತು.

"ಇದೇನ್ರಿ, ಎಮ್ಮಿ ಮಲಗಿದಂಗ ಐತಿ" ಅಂದಳು ಹೆಂಡತಿ ಶಂಕ್ರವ್ವ.

"ಒಂದ ಸಿಲಿಂಡರಿಂದು. ಸಣ್ಣದು."

"ಅಡಿಗಿ ಮನ್ಯಾಗೂ ಒಂದ ಐತಿ. ನಾಕ ದಿನ ಆತು, ಖಾಲಿ. ಅದನ್ನ ಮೊದಲ ತುಂಬಿಸ್ಕೊಂಡ ಬರ್ರಿ."

ಮೊದಲ ವಾರದಲ್ಲಿ ನನಗಾದ ಜ್ಞಾನೋದಯಗಳನ್ನು ಇಲ್ಲಿ ದಾಖಲಿಸುತ್ತೇನೆ. ಬಜಾರದಲ್ಲಿ ನಿಂತರೆ ಯಾರೂ ಬೈಕಿನ ಚೆಲುವನ್ನು ಹೊಗಳುವುದಿಲ್ಲ. "ಲೀಟರಿಗೆ ಎಷ್ಟ ಕೊಡತೈತ್ರಿ?" ಅಂತ ಮಾತ್ರ ಕೇಳುತ್ತಾರೆ. ಒಂಟಿ ಸಿಲಿಂಡರು ನಡುಗಿದ ಹಾಗೆ ಕನ್ನಡಿಯೂ ನಡುಗಿ ಹಿಂದಿನ ಬಸ್ಸು ಎರಡಾಗಿ ಕಾಣುತ್ತದೆ. ಯಾವುದಕ್ಕೆ ದಾರಿ ಬಿಡಬೇಕೋ ತಿಳಿಯುವುದಿಲ್ಲ. ರಸ್ತೆಯ ಉಬ್ಬು ಬಂದಾಗ ಬೇರೆಯವರು ಸೀಟಿನಿಂದ ಒಂದಿಷ್ಟು ಏಳುತ್ತಾರೆ. ನಮ್ಮ ಕಾಲು ಮುಂದೆ ಇರುವುದರಿಂದ ಏಳುವ ಹಾಗಿಲ್ಲ. ಗಜೇಂದ್ರಗಡದ ಅಷ್ಟೂ ಉಬ್ಬುಗಳ ಲೆಕ್ಕ ನನ್ನ ಬೆನ್ನುಹುರಿಯ ಹತ್ತಿರ ಇದೆ.

ಇವೆಲ್ಲ ಸಣ್ಣ ಮಾತು. ದೊಡ್ಡದು ಒಂದಿತ್ತು. ಮಗ್ಗದಲ್ಲಿ ಕೈ ಒಮ್ಮೆ ಎಳೆದರೆ ಕಾಲು ಒಮ್ಮೆ ತುಳಿಯಬೇಕು. ಎಡ, ಬಲ, ಎಡ, ಬಲ. ಗಾಬರಿಯಾದರೆ ಬೈಕಿನ ಮೇಲೂ ನನ್ನ ಕಾಲು ತಾನಾಗಿ ನೇಯತೊಡಗುತ್ತಿತ್ತು. ಎಡಗಾಲ ಕೆಳಗೆ ಗೇರು, ಬಲಗಾಲ ಕೆಳಗೆ ಬ್ರೇಕು. ಬಸ್‌ಸ್ಟ್ಯಾಂಡಿನ ಮುಂದೆ ಕಂಡಕ್ಟರ್ ಒಬ್ಬ ಸೀಟಿ ಊದಿದ್ದಕ್ಕೆ ಬೈಕು ಎರಡು ಸಲ ತಲೆ ಬಾಗಿಸಿ ನಿಂತೇಬಿಟ್ಟಿತು. ರೂಢಿಯಾದರೆ ಸರಿಹೋಗುತ್ತದೆ ಅಂದುಕೊಂಡೆ.

ರೂಢಿಯಾಗುವ ಮೊದಲೇ ಮದುವೆ ಬಂತು. ನನ್ನ ತಂಗಿ ಗಂಗವ್ವನ ಮಗಳು ಸುಮಾಳದು, ನರಗುಂದದಲ್ಲಿ. ನಮ್ಮ ಮನೆತನದಲ್ಲಿ ಅಕ್ಕಿಕಾಳಿನ, ಅಂದರೆ ಅಕ್ಷತೆ ಹಾಕುವ, ಹೊತ್ತಿಗೆ ಹುಡುಗಿ ಉಡುವುದು ಸೋದರಮಾವ ತಂದ ಸೀರೆ. ಸೋದರಮಾವ ನೇಕಾರನಾದರೆ ಅದು ಅವನೇ ನೇಯ್ದದ್ದಾಗಬೇಕು. ಶಂಕ್ರವ್ವ ನೂಲು ಸುತ್ತಿ, ನಾನು ನೇಯ್ದು, ಸೀರೆ ಮಗ್ಗದಿಂದ ಇಳಿದದ್ದು ಮದುವೆಯ ಹಿಂದಿನ ಸಂಜೆ. ಶಂಕ್ರವ್ವ ಎರಡು ದಿನ ಮೊದಲೇ ನರಗುಂದ ಸೇರಿದ್ದಳು. ಅಕ್ಕಿಕಾಳು ಹನ್ನೆರಡೂ ಹತ್ತಕ್ಕೆ. ಸೀರೆಯನ್ನು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ, ಹಿಂದಿನ ಸೀಟಿಗೆ ಬಿಗಿದು, ಕಡಲೆ ಸುಗ್ಗಿಯ ಬಿಸಿಲಿನಲ್ಲಿ ಕರೀ ಜಾಕೀಟು ತೊಟ್ಟು ಒಂಬತ್ತಕ್ಕೆ ಹೊರಟೆ. ಹಂದರದ ಮುಂದೆ ಬೈಕು ನಿಲ್ಲಿಸಿದಾಗ ಬೀಗರೆಲ್ಲ ಎದ್ದು ನೋಡುವ ದೃಶ್ಯ ಕಣ್ಣ ಮುಂದಿತ್ತು.

ರೋಣ ದಾಟುವವರೆಗೆ ನಾನು ರಾಜ. ಆಮೇಲೆ ರಸ್ತೆ ತುಂಬ ಕಡಲೆ ಗಿಡ ಹರವಿದ್ದು ಕಾಣಿಸಿತು. ಹೋಗಿ ಬರುವ ಗಾಡಿಗಳು ತುಳಿದು ಕಾಳು ಉದುರಿಸಲಿ ಎಂಬುದು ನಮ್ಮ ಕಡೆಯ ರೈತರ ಉಪಾಯ. ಸುಮ್ಮನೆ ನಿಧಾನ ಹೋದರೆ ಏನೂ ಆಗುವುದಿಲ್ಲ. ಆದರೆ ಎದುರಿನಿಂದ ಬಸ್ಸು ಬಂತು, ಹಾರ್ನು ಹೊಡೆಯಿತು, ನನ್ನ ಕಾಲು ನೇಯತೊಡಗಿತು. ಎಡ, ಬಲ. ಹಿಂದಿನ ಗಾಲಿ ಬಿಗಿಹಿಡಿಯಿತು. ಬೈಕು ಒಂದು ಕಡೆ, ನಾನು ಒಂದು ಕಡೆ, ಗಂಟು ಬಿಚ್ಚಿ ಸೀರೆ ಆರು ಗಜವೂ ಕಡಲೆಯ ಮೇಲೆ.

ಕಡಲೆ ಕಾಯುತ್ತಿದ್ದ ಮುದುಕಿ ಓಡಿ ಬಂದು ಮೊದಲು ಸೀರೆ ಎತ್ತಿದಳು. ನನ್ನನ್ನು ಎತ್ತಿದ್ದು ಅವಳ ಮಗ.

"ಹರದಿಲ್ಲ ಬಿಡ್ರಿ, ಝಾಡಿಸಿದ್ರ ಆತು" ಅಂತ ಮುದುಕಿ ಸೀರೆಯನ್ನು ನಾಲ್ಕು ಸಲ ಕೊಡವಿ ಮಡಚಿದಳು.

ಮಗ ಗಾಲಿಗೆ ಸುತ್ತಿಕೊಂಡ ಕಡಲೆ ಗಿಡವನ್ನು ಕುಡಗೋಲಿನಿಂದ ಕೊಯ್ದು ತೆಗೆದ. ಬೈಕನ್ನು ಮೆಚ್ಚುಗೆಯಿಂದ ನೋಡಿದ ಮೊದಲ ಮನುಷ್ಯ ಅವನೇ. "ಗಾಡಿ ಭಾರ ಐತ್ರಿ. ಹೆಂಗೂ ನಿಂತೀರಿ, ಇನ್ನೆರಡ ಸಲ ಆಕಡಿ ಈಕಡಿ ಅಡ್ಡಾಡ್ರಿ. ಕಾಳ ಚಲೋ ಉದರತಾವ."

ಫೋನು ಬಂತು. "ಎಲ್ಲಿದ್ದೀರ್ರಿ? ಹನ್ನೊಂದ ಹೊಡಿತು" ಅಂದಳು ಶಂಕ್ರವ್ವ.

"ಬರಾಕತ್ತೀನಿ. ದಾರ್ಯಾಗ ಭೇಟಿ ಆದವರು ಬಿಡವಲ್ರು" ಅಂದೆ. ಅದು ಪೂರ್ತಿ ಸುಳ್ಳಲ್ಲ.

ನರಗುಂದ ಮುಟ್ಟಿದಾಗ ಹನ್ನೆರಡಕ್ಕೆ ಐದು ನಿಮಿಷ. ಬೈಕನ್ನು ಹಂದರದ ಬಾಗಿಲಲ್ಲೇ ನಿಲ್ಲಿಸಿದೆ. ಯಾರೂ ನೋಡಲಿಲ್ಲ. ಗಂಗವ್ವ ಮಾತ್ರ ಗಂಟು ಕಸಿದುಕೊಂಡು, "ಜೀವ ಹೋಗಿತ್ತಲ್ಲೋ ಅಣ್ಣಾ" ಅನ್ನುತ್ತ ಒಳಗೆ ಓಡಿದಳು. ಕಡಲೆ ಹೊಟ್ಟು ಮೈಗೆ ಹತ್ತಿದರೆ ಎಂಥ ತುರಿಕೆ ಎಂಬುದು ಹೊಲದಲ್ಲಿ ಕಡಲೆ ಕಿತ್ತವರಿಗೆ ಗೊತ್ತು. ನಾನು ನೇಕಾರ. ನನ್ನ ಕುತ್ತಿಗೆ ಚುರುಗುಡುತ್ತಿದ್ದುದು ಜಾಕೀಟಿನ ಬಿಸಿಗೆ ಅಂದುಕೊಂಡಿದ್ದೆ.

ಸುಮಾ ಸೀರೆ ಉಟ್ಟು ಬಂದು ಅಂತರಪಟದ ಹಿಂದೆ ನಿಂತಳು. ಮೊದಲು ಒಂದು ಭುಜ ಅಲುಗಿತು. ಆಮೇಲೆ ಸೊಂಟ. ಆಮೇಲೆ ಕೈಯಲ್ಲಿದ್ದ ಮಾಲೆಯಿಂದಲೇ ಕುತ್ತಿಗೆ ತಿಕ್ಕಿಕೊಂಡಳು. ತೋಳಿನ ಮೇಲೆ ಕೆಂಪು ದದ್ದು ಎದ್ದಿದ್ದವು. ಹುಡುಗನ ತಾಯಿ ಅದನ್ನು ನೋಡಿದರು. ಪಕ್ಕದವರ ಕಿವಿಯಲ್ಲಿ ಏನೋ ಅಂದರು. ಪಕ್ಕದವರು ಅವರ ಪಕ್ಕದವರಿಗೆ ಅಂದರು. ಅಕ್ಕಿಕಾಳು ಹಿಡಿದ ಕೈಗಳೆಲ್ಲ ಒಂದೊಂದಾಗಿ ಕೆಳಗಿಳಿದವು.

"ಸ್ವಲ್ಪ ತಡೀರಿ ಸ್ವಾಮಿಗಳ" ಅಂದರು ಹುಡುಗನ ತಾಯಿ. ಮಂತ್ರ ನಿಂತಿತು. "ಗಂಗವ್ವಾರ, ಸಿಟ್ಟಿಗೇಳಬ್ಯಾಡ್ರಿ. ಹುಡುಗಿಗೆ ಮೈಯಾಗ ಏನರ ಇದ್ರ ಮೊದಲ ಹೇಳಬೇಕಾಗಿತ್ತು."

ಕುತ್ತಿಗೆ ಕೆರೆದುಕೊಳ್ಳುತ್ತ ಕಂಬದ ಹಿಂದೆ ನಿಂತಿದ್ದ ನನಗೆ ಇದು ಕಡಲೆ ಹೊಟ್ಟಿನ ಕೆಲಸ ಎಂದು ಆಗ ಹೊಳೆಯಿತು. ಸೆಖೆಗೆ ಹೀಗಾಗುತ್ತದೆ ಎಂದು ಯಾರಾದರೂ ಹೇಳಲಿ, ನನ್ನ ಹೆಸರು ಬಾರದಿರಲಿ ಎಂದು ಎರಡು ನಿಮಿಷ ಕಾದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಆಗ ಸುಮಾ ನನ್ನ ಕಡೆ ನೋಡಿದಳು. ಕಣ್ಣಲ್ಲಿ ನೀರಿತ್ತು, ಆದರೂ ಮಾವನ ಸೀರೆಯ ಸೆರಗನ್ನು ಬಿಟ್ಟಿರಲಿಲ್ಲ.

"ತಪ್ಪ ಹುಡುಗೀದಲ್ರಿ, ನಂದು" ಅಂತ ಮುಂದೆ ಬಂದೆ. "ಗಾಡಿಮ್ಯಾಲಿಂದ ಬಿದ್ನಿ. ಸೀರಿ ಕಡ್ಲಿ ಹೊಟ್ಟಿನ್ಯಾಗ ಹೊಳ್ಳಾಡೇತಿ."

"ಈಗ ಹೇಳಾಕ ಏನರ ಹೇಳತೀರಿ. ಖರೇ ಅಂತ ನಂಬೂದ ಹ್ಯಾಂಗ?"

ಪ್ರಶ್ನೆ ನ್ಯಾಯವಾದದ್ದೇ. ನಾನು ಜಾಕೀಟು ಕಳಚಿದೆ. ಅಂಗಿ ಕಳಚಿದೆ. ಶಂಕ್ರವ್ವ "ಸಾಕ್ರಿ" ಅನ್ನುವಷ್ಟರಲ್ಲಿ ಬನಿಯನ್ನೂ ಹೋಯಿತು. ತುಂಬಿದ ಹಂದರಕ್ಕೆ ಬೆನ್ನು ತಿರುಗಿಸಿ ನಿಂತೆ. ಅದು ಮೆಣಸಿನಕಾಯಿ ಬಣ್ಣಕ್ಕೆ ತಿರುಗಿತ್ತಂತೆ. ಬನಿಯನ್ನು ಕೊಡವಿದಾಗ ಹೊಟ್ಟು ಉದುರಿ, ಜೊತೆಗೆ ಒಂದು ಕಾಳು ಬಿದ್ದು ಹಸೆಮಣೆಯತ್ತ ಉರುಳಿತು.

ಹುಡುಗನ ಕಡೆಯ ಹಿರಿಯ ರೈತರೊಬ್ಬರು ಎದ್ದು ಬಂದು ಆ ಕಾಳನ್ನು ಎತ್ತಿದರು. ಧೋತರಕ್ಕೆ ಒರೆಸಿದರು. ಹಲ್ಲಿನಲ್ಲಿ ಕಡಿದರು. ನನ್ನ ಸೋದರಸೊಸೆಯ ಬಾಳು ಆ ಮುದುಕರ ಎರಡು ಹಲ್ಲುಗಳ ನಡುವೆ ಇತ್ತು.

"ಕಡ್ಲಿನ ಐತಿ" ಅಂದರು ಅವರು ನಿಧಾನವಾಗಿ. "ಅಣ್ಣಿಗೇರಿ ಜಾತಿ. ಇನ್ನೊಂದೆರಡ ದಿನ ಬಿಸಲ ಬೇಕಾಗಿತ್ತು." ಆಮೇಲೆ ನನ್ನ ಬೆನ್ನಿನ ಮೇಲೆ ಬೆರಳಾಡಿಸಿ, "ಹೊಟ್ಟ ಹತ್ತಿದ್ರ ಹಿಂಗ ಏಳತಾವ. ಹುಡುಗಿಗೆ ಏನೂ ಆಗಿಲ್ಲ, ಬ್ಯಾರೆ ಸೀರಿ ಉಡಸ್ರಿ" ಅಂತ ತೀರ್ಪು ಕೊಟ್ಟರು.

ಹುಡುಗನ ತಾಯಿ ಮೊದಲು ನಕ್ಕರು. ಆಮೇಲೆ ಹಂದರವೇ ನಕ್ಕಿತು. ಮುಹೂರ್ತ ಜಾರುವ ಮೊದಲು ಸುಮಾ ಹುಡುಗನ ತಾಯಿಯೇ ತಂದುಕೊಟ್ಟ ಬೇರೆ ಸೀರೆ ಉಟ್ಟು ಬಂದಳು. ನಾನೂ ಶಂಕ್ರವ್ವನೂ ನೇಯ್ದ ಸೀರೆ ಹಿತ್ತಲಲ್ಲಿ ನೀರಿನ ಬಕೀಟಿನಲ್ಲಿ ನೆನೆಯುತ್ತಿತ್ತು. ಅಕ್ಕಿಕಾಳು ಬಿದ್ದವು. ಅದರಲ್ಲಿ ಅರ್ಧ ನನ್ನ ಬೆನ್ನಿನ ಮೇಲೆಯೇ ಬಿದ್ದವು, ಅಂಗಿ ತೊಡಲು ಮೈ ಒಪ್ಪುತ್ತಿರಲಿಲ್ಲ.

ತಿಂಗಳಾದ ಮೇಲೆ ಸುಮಾ ಗಂಡನೊಡನೆ ನಮ್ಮ ಮನೆಗೆ ಬಂದಳು, ಮದುವೆಯ ಆಲ್ಬಮ್ ತಂದಿದ್ದಳು. ನಾನು ಬೈಕು ಯಾವ ಫೋಟೋದಲ್ಲಾದರೂ ಬಂದಿದೆಯೋ ಎಂದು ಹಾಳೆ ತಿರುವಿದೆ. ಎಲ್ಲೂ ಇರಲಿಲ್ಲ. ನಡುವಿನ ಎರಡು ಹಾಳೆ ತುಂಬ ನನ್ನ ಬೆನ್ನಿತ್ತು, ಆಚೀಚೆ ವಧೂವರರು.

"ಮಾಮಾ, ಇದನ್ನ ದೊಡ್ಡದ ಮಾಡಿಸಿ ನಮ್ಮತ್ತಿ ಪಡಸಾಲ್ಯಾಗ ತೂಗ ಹಾಕ್ಯಾರ" ಅಂದಳು ಸುಮಾ.

"ಅದನ್ಯಾಕವ್ವಾ?"

"ಮದುವ್ಯಾಗಿಂದು ಅರ್ಧಾ ನೋಡಿ ಹೋದ ಮಂದಿ ಇನ್ನೂ ಕೇಳತಾರಲ್ಲ, ಸೊಸಿಗೆ ಕಜ್ಜಿ ಐತಂತಲ್ಲ ಅಂತ. ಅತ್ತಿ ಮಾತ ಆಡೂದಿಲ್ಲ. ಫೋಟೋ ಕಡೆ ಕೈ ಮಾಡತಾರ."