ಊರು ಕಟ್ಟಿದವನ ಕಲ್ಲು

ಆಗ ನನಗೆ ಹದಿನೈದು. ಅದಾಗಿ ಈಗ ಎಂಬತ್ತು ವರ್ಷ. ಮಹಾರಾಜರ ಕಾಲ. ಮಧುಗಿರಿ ಕಡೆಯವಳಾದ ನನ್ನನ್ನು ಪಾವಗಡದ ಸೀಮೆಗೆ ಮದುವೆ ಮಾಡಿ ಕೊಟ್ಟಿದ್ದರು. ನನ್ನ ಮಾವನವರಿಗೆ, ಅಂದರೆ ಗಂಡನ ಅಪ್ಪನಿಗೆ, ಮನುಷ್ಯರಿಗಿಂತ ಕಲ್ಲುಗಳ ಗುರುತೇ ಹೆಚ್ಚು ಎಂದರೆ ನಂಬುತ್ತೀರಾ? ನಾನು ಬಂದು ಆರು ತಿಂಗಳಾದರೂ ನನ್ನ ಹೆಸರು ಅವರಿಗೆ ಗೊತ್ತಿರಲಿಲ್ಲ. ಪಾವಗಡದ ದಾರಿಯ ಕಲ್ಲುಗಳಿಗೆ ಮಾತ್ರ ಒಂದೊಂದಕ್ಕೂ ಹೆಸರಿಟ್ಟಿದ್ದರು!

ನೆಟ್ಟಗೆ ನಿಂತ ಕಲ್ಲು ಕಂಡರೆ ಸಾಕು, ಚಪ್ಪಲಿ ಬಿಟ್ಟು ಕೈಮುಗಿಯುವರು. ಒಮ್ಮೆ ಮಧುಗಿರಿ ರಸ್ತೆಯಲ್ಲಿ ಸರ್ಕಾರದವರು ಹೊಸದಾಗಿ ನೆಟ್ಟ ಕಲ್ಲಿಗೆ ತಂಗಡಿ ಹೂ ಏರಿಸಿ ಮೂರು ಸುತ್ತು ಹಾಕಿದರು. ಗಾಡಿಯವನು ನಕ್ಕ.

“ಯಜಮಾನ್ರೇ, ಅದು ಮೈಲಿಗಲ್ಲು!”

“ಇರ್ಲಿ ಬುಡ್ಲಾ. ಇನ್ನೂರು ವರ್ಸ ನಿಂತ್ರೆ ಇದೂ ದೇವ್ರೇ.”

ಕಾದಾಡಿ ಸತ್ತವರ ವೀರಗಲ್ಲು ಎಲ್ಲಿ ಬಿದ್ದಿದ್ದರೂ ಗಾಡಿಗೆ ಹೇರಿಕೊಂಡು ಬರುವರು. ಕೊಟ್ಟಿಗೆ ತುಂಬಿತು. ವೀರರಿಗೆ ನೆರಳು, ಎತ್ತುಗಳಿಗೆ ಬಿಸಿಲು! ಅತ್ತೆ ಸುಮ್ಮನಿರುವವರೇ?

“ಸತ್ತೋರೆಲ್ಲಾ ಒಳಗವ್ರೆ, ಉಳೋ ಎತ್ತು ಆಚೆಗವೆ. ನಾಳೆ ಇವ್ರನ್ನೇ ನೊಗಕ್ಕೆ ಕಟ್ಟು!”

ಇಷ್ಟೆಲ್ಲ ಯಾಕೆ ಅಂತೀರಾ? ಈ ಬರಡು ಬೋರೆಯಲ್ಲಿ ಮೊದಲು ಗುಡಿಸಲು ಹಾಕಿ ಊರು ಕಟ್ಟಿದವನು ತಮ್ಮ ವಂಶದವನು, ಹಾಗೆಂದು ಕೆತ್ತಿದ ಕಲ್ಲೊಂದು ಇದೆ ಎಂಬುದು ಮಾವನವರ ಹಟ. ವರ್ಷಕ್ಕೊಮ್ಮೆ ಊರಹಬ್ಬಕ್ಕೆ ಊರಬಾಗಿಲಲ್ಲಿ ಮೊದಲ ಕಾಯಿ ಒಡೆಯುವುದು ಊರು ಕಟ್ಟಿದ ವಂಶದ ಹಕ್ಕು, ಆದರೆ ಒಡೆಯುತ್ತಿದ್ದದ್ದು ಪಟೇಲರ ಮನೆಯವರು. “ಆ ಕಲ್ಲು ತೋರ್ಸು, ಕಾಯಿ ನೀನೇ ಒಡಿ” ಎಂದು ಪಟೇಲರು ಹತ್ತು ಜನರೆದುರು ಹೇಳಿದ್ದರು. ಯಾರೋ ಹೊತ್ತೊಯ್ದಿರಬೇಕೆಂದು ಮಾವನವರು ಕೊರಟಗೆರೆ, ಶಿರಾದವರೆಗೂ ಹುಡುಕಿದರು. ನಮ್ಮ ಹಿತ್ತಿಲೊಂದನ್ನು ಬಿಟ್ಟು! ಅಲ್ಲಿ ಹೆಂಗಸರು ಬಟ್ಟೆ ಒಗೆಯುವುದು, ಗಂಡಸರು ಹಾಯುತ್ತಿರಲಿಲ್ಲ.

ಅಲ್ಲಿ ನಾವು ಬಟ್ಟೆ ಒಗೆಯುತ್ತಿದ್ದ ಕಲ್ಲಿನ ಮೈತುಂಬ ಹುಳ ಹರಿದಂಥ ಗೀರುಗಳು. ಅವು ಅಕ್ಷರ ಎಂದು ನನಗೇನು ಗೊತ್ತು? ಗೀರಿನಲ್ಲಿ ಪಾಚಿ ಕಟ್ಟಿ ಒಂದು ದಿನ ಅತ್ತೆ ಜಾರಿ ಬಿದ್ದರು. ಅದೇ ವಾರ, ಸವೆದ ಬೀಸುವ ಕಲ್ಲುಗಳನ್ನು ಉಳಿಯಲ್ಲಿ ಕುಟ್ಟಿ ತರಿ ಮಾಡಿಕೊಡುವ ತೆಲುಗಿನ ಹೆಂಗಸು ಬಂದಳು.

“ಇದ್ನೂ ಕುಟ್ಲಾ ತಲ್ಲೀ?” ಎಂದು ಬಟ್ಟೆಕಲ್ಲು ತೋರಿಸಿದಳು.

“ಕುಟ್ಟು. ಚೆನ್ನಾಗಿ ಕುಟ್ಟು” ಎಂದೆ. ಎರಡು ಮುದ್ದೆ ಜಾಸ್ತಿಯೇ ಕೊಟ್ಟೆ.

ತಿಂಗಳು ಕಳೆದಿರಬೇಕು. ಹಗ್ಗ ಕಿತ್ತ ಕರುವಿನ ಹಿಂದೆ ಮಾವನವರು ಹಿತ್ತಿಲಿಗೆ ನುಗ್ಗಿದರು. ಕಲ್ಲಿನ ತುದಿಯಲ್ಲಿ, ಶಾಸನದ ನೆತ್ತಿಗೆ ಕೆತ್ತುವಂಥ ಸೂರ್ಯ ಚಂದ್ರರು ಮಣ್ಣು ಮೆತ್ತಿಕೊಂಡು ಕಂಡರು. ಕರು ಓಡಿಹೋಯಿತು, ಇವರು ಕುಣಿದರು! ಸರಿಯಾಗಿ ನೋಡುವ ಮೊದಲೇ ಪಟೇಲರಿಗೂ ಹಳೆಯ ಅಕ್ಷರ ಓದುವ ಮೇಷ್ಟ್ರಿಗೂ ಹೇಳಿ ಕಳಿಸಿದರು. ಆಮೇಲೆ ನೀರು ಹುಯ್ದು ಉಜ್ಜಿದರು. ಸೂರ್ಯ ಚಂದ್ರರ ಕೆಳಗೆ ಬರೀ ಉಳಿಯ ಚುಕ್ಕಿ.

“ಯಾರವ್ವಾ ಇದ್ನ ಕುಟ್ಸಿದ್ದು?”

“ನಾನೇ ಮಾವ. ಅತ್ತೆ ಜಾರ್ತಾರೆ ಅಂತ.”

ತೌರಿಗೆ ಅಟ್ಟುತ್ತಾರೆಂದು ನಾನು ಮನಸ್ಸಿನಲ್ಲೇ ಗಂಟು ಕಟ್ಟಿಕೊಂಡೆ.

ಸಂಜೆಗೆ ಜನ ಬಂದರು. ಮೇಷ್ಟ್ರು ಮೂಗು ತಾಗುವಷ್ಟು ಬಗ್ಗಿ ನೋಡಿ, ಅಂಚಿನಲ್ಲಿ ಉಳಿದಿದ್ದ ಒಂದೇ ಮಾತು ಓದಿದರು: “ಕಟ್ಟಿಸಿದ.” ಯಾರು ಕಟ್ಟಿಸಿದ? ಅದು ನನ್ನ ಎರಡು ಮುದ್ದೆಯ ಜೊತೆ ಹೋಗಿತ್ತು.

ಪಟೇಲರು ಮೀಸೆ ತಿರುವಿದರು. “ಯಾವ ಪುಣ್ಯಾತ್ಮರು ಕುಟ್ಟಿಸಿದ್ರೋ ಇದ್ನ?”

ನಾನು ಹಿತ್ತಿಲ ಬಾಗಿಲ ಮರೆಗೆ ಸರಿದೆ. ಮಾವನವರು ಆ ಕಡೆ ತಿರುಗಿಯೂ ನೋಡಲಿಲ್ಲ.

“ನಾನೇ ಕುಟ್ಟಿಸ್ದೆ. ನಮ್ಮೋಳು ಜಾರಿ ಬಿದ್ಲು.”

ಊರೆಲ್ಲ ಬಿದ್ದು ಬಿದ್ದು ನಕ್ಕಿತು. ಕಾಯಿ ಪಟೇಲರಿಗೇ ಉಳಿಯಿತು. ಎಲ್ಲರೂ ಹೋದ ಮೇಲೆ ಮಾವನವರು ರುಮಾಲು ಬಿಚ್ಚಿ ಗೂಟಕ್ಕೆ ಹಾಕಿ, ಒಳಗೆ ತಿರುಗಿ ಕೇಳಿದರು: “ನಿನ್ನ ಹೆಸ್ರೇನವ್ವಾ?”

ಹೇಳಿದೆ.

ಮಾರನೆಯ ಬೆಳಿಗ್ಗೆ ಯಾರೂ ಹೇಳದೆಯೇ ಆ ರುಮಾಲನ್ನು ತೆಗೆದುಕೊಂಡು ಹೋಗಿ ಒಗೆದು ಹಾಕಿದೆ. ಬೇರೆ ಕಲ್ಲಿನ ಮೇಲೆ.