ಬ್ರಸೆಲ್ಸಿನ ಬಿಯರೂ ತಾಯಿಫಿನ ಅಮಲೂ

ಕುಡಿದು ಅಮಲೇರಿಸಿಕೊಳ್ಳುವುದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ಅದು ಯಾರಿಗಾದರೂ ಬರುತ್ತದೆ. ಕುಡಿಯದೆ ಅಮಲೇರಿಸಿಕೊಳ್ಳುವುದಿದೆಯಲ್ಲ, ಅದಕ್ಕೆ ಸಾಧನೆ ಬೇಕು. ಆ ಸಾಧನೆಯನ್ನು ನಾನು ಮಾಡಿದ್ದು ಸೌದಿ ಅರೇಬಿಯದ ತಾಯಿಫ್ ಎಂಬ ಬೆಟ್ಟದ ಊರಿನಲ್ಲಿ, ಗೆಳೆಯ ಸದಾನಂದನ ಜೊತೆಗೆ. ಇಲ್ಲಿನ ಅಂಗಡಿಗಳಲ್ಲಿ ಬಿಯರಿನದೇ ಆಕಾರದ ಬಾಟಲಿಯಲ್ಲಿ, ಬಿಯರಿನದೇ ನೊರೆಯ ಸಮೇತ, ಮಾಲ್ಟ್ ಎಂಬ ಪಾನೀಯ ಸಿಗುತ್ತದೆ. ಬಾರ್ಲಿಯಿಂದಲೇ ಮಾಡಿದ್ದು, ಆದರೆ ಅಮಲಿನ ಸುಳಿವೂ ಇಲ್ಲ. ಸೇಬು, ದಾಳಿಂಬೆ, ನಿಂಬೆ, ಹೀಗೆ ನಾನಾ ರುಚಿಗಳಲ್ಲಿ ಬರುತ್ತದೆ. ಮಕ್ಕಳ ಹುಟ್ಟುಹಬ್ಬದಲ್ಲಿ ಕೇಕಿನ ಪಕ್ಕ ಇಡುವುದು ಇದನ್ನೇ. ಆ ಮಕ್ಕಳ ಪಾನೀಯವನ್ನು ಕುಡಿದು ನಾವಿಬ್ಬರು ತಲೆನರೆತ ಗಂಡಸರು ವರ್ಷಾನುಗಟ್ಟಲೆ ತೊದಲಿದ್ದೇವೆ, ತೂರಾಡಿದ್ದೇವೆ, ಒಮ್ಮೆ ಅತ್ತೂ ಇದ್ದೇವೆ.

ನಾನು ಮೈಸೂರಿನವನು, ಇಲ್ಲಿನ ಒಂದು ಆಸ್ಪತ್ರೆಯಲ್ಲಿ ಯಂತ್ರಗಳನ್ನು ರಿಪೇರಿ ಮಾಡುವ ಇಂಜಿನಿಯರು. ಸದಾನಂದ ಮೂಲ್ಕಿ ಕಡೆಯವನು, ಅದೇ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡುವವನು. ಅವನು ಯಂತ್ರ ಕೆಡಿಸಿದ್ದಾನೆಂದು ನಾನೂ, ನಾನು ರಿಪೇರಿ ಮಾಡಿದ ಮೇಲೇ ಅದು ಕೆಟ್ಟಿತೆಂದು ಅವನೂ ಜಗಳವಾಡಿ ಸ್ನೇಹಿತರಾದವರು. ಆಸ್ಪತ್ರೆಯಲ್ಲಿ ನಾವು ಒಬ್ಬರಿಗೊಬ್ಬರು 'ನೀವು'. 'ಮೂರ್ತಿಯವರೇ, ನಿಮ್ಮ ಮೆಷಿನು ಪುನಃ ಕೈಕೊಟ್ಟಿತಲ್ಲ' ಎಂದು ಅವನು ಹಲ್ಲು ಕಚ್ಚಿಕೊಂಡು ಮರ್ಯಾದೆ ಕೊಡುತ್ತಿದ್ದ. ಶುಕ್ರವಾರ ಸಂಜೆ ಮಾತ್ರ ಅವನ ಹಳೆಯ ಕಾರು ನಮ್ಮ ಮನೆ ಮುಂದೆ ಹಾರ್ನ್ ಹಾಕುತ್ತಿತ್ತು. ಶಫಾ ಬೆಟ್ಟಕ್ಕೆ ಹೋಗಿ, ರಸ್ತೆಯಂಚಿನ ಬಂಡೆಯ ಮೇಲೆ ಚಾಪೆ ಹಾಸಿ, ನಾನು ತಂದ ಕೋಡುಬಳೆಯನ್ನೂ ಅವನು ತಂದ ಗೋಳಿಬಜೆಯನ್ನೂ ನಡುವೆ ಇಟ್ಟು, ಮಾಲ್ಟ್ ಬಾಟಲಿಯ ಮುಚ್ಚಳ ತೆಗೆದರೆ ಅಲ್ಲಿಂದ 'ನೀನು'.

ಮೊದಲು ಇದೊಂದು ತಮಾಷೆಯಾಗಿತ್ತು. ಯಾವತ್ತೋ ಒಂದು ಸಂಜೆ ಸದಾನಂದ ಎರಡನೆಯ ಬಾಟಲಿ ಮುಗಿಸಿ, ಕಣ್ಣು ಕೆಂಪಗೆ ಮಾಡಿಕೊಂಡಂತೆ ನಟಿಸಿ, 'ಏರಿತು ಮಾರಾಯ' ಎಂದ. ನಾನೂ 'ನನಗೂ ಕಣಯ್ಯ' ಎಂದೆ. ಆಮೇಲೆ ಅದಕ್ಕೊಂದು ಕಾನೂನು ತಾನಾಗಿ ಹುಟ್ಟಿಕೊಂಡಿತು. ಎರಡನೆಯ ಬಾಟಲಿಯ ಮೇಲೆ ಆಡಿದ ಮಾತು ಲೆಕ್ಕಕ್ಕಿಲ್ಲ. ಕುಡಿದವನು ಆಡಿದ್ದು, ಬೆಳಗಾದರೆ ಆಡಿದವನಿಗೂ ನೆನಪಿರಬಾರದು, ಕೇಳಿದವನಿಗೂ ನೆನಪಿರಬಾರದು. ಗಲ್ಫಿನಲ್ಲಿ ದುಡಿಯುವ ಗಂಡಸಿಗೆ ಈ ಕಾನೂನು ಎಂಥ ವರದಾನ ಎಂಬುದು ಇಲ್ಲಿ ಇದ್ದವರಿಗೇ ಗೊತ್ತು. ಊರಿಗೆ ಫೋನು ಮಾಡಿದರೆ 'ಎಲ್ಲ ಚೆನ್ನಾಗಿದೆ' ಎನ್ನಬೇಕು, ಆಫೀಸಿನಲ್ಲಿ 'ನೋ ಪ್ರಾಬ್ಲಂ' ಎನ್ನಬೇಕು. ಇನ್ನು ಉಳಿದದ್ದನ್ನೆಲ್ಲ ಎಲ್ಲಿ ಹೇಳುವುದು? ಶಫಾದಲ್ಲಿ ಹೇಳುವುದು. ಮಗಳ ಓದಿಗೆಂದು ತನ್ನ ಹೆಂಡತಿ, ಮಗಳು ಊರು ಸೇರಿದ ಮೇಲೆ ಒಮ್ಮೆ ಸದಾನಂದ, 'ಮೊನ್ನೆ ಫೋನ್ ಮಾಡಿದೆ. ಮಗಳು ತೆಗೆದು, ಅಮ್ಮಾ, ಸೌದಿಯವರು ಮಾಡಿದ್ದಾರೆ ಅಂತ ಕೂಗಿದಳು. ನಾನು ಸೌದಿಯವರು ಆದೆ ಮಾರಾಯ' ಎಂದು ಹೇಳಿ ನಕ್ಕ. ನಗು ಮುಗಿಯುವಾಗ ಅವನ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ. ಮರುದಿನ ಆಸ್ಪತ್ರೆಯಲ್ಲಿ ಸಿಕ್ಕಾಗ ಇಬ್ಬರೂ ಆ ಮಾತನ್ನು ಎತ್ತಲಿಲ್ಲ. ಇದೆಲ್ಲ ಇಲ್ಲೇ ನನ್ನ ಜೊತೆಗಿರುವ ಹೆಂಡತಿ ವಸುಧೆಗೆ ಅರ್ಥವಾಗುವುದಿಲ್ಲ. 'ನಮ್ಮ ವಂಶದಲ್ಲಿ ಕುಡಿಯೋರು ಇದ್ರು, ಕುಡಿಯದೆ ಇರೋರೂ ಇದ್ರು. ಸೇಬಿನ ರಸಕ್ಕೆ ತೂರಾಡೋರು ಅಂದ್ರೆ ನಿಮ್ಮನ್ನೇ ನೋಡಿದ್ದು' ಎನ್ನುತ್ತಾಳೆ.

ಹೀಗಿರುವಾಗ ಒಂದು ದಿನ ಸದಾನಂದ ತನ್ನ ಕರಿಬೇವಿನ ಗಿಡವನ್ನು ಕುಂಡದ ಸಮೇತ ತಂದು ನಮ್ಮ ಬಾಲ್ಕನಿಯಲ್ಲಿ ಇಟ್ಟು, 'ಇಲ್ಲೇ ಇರಲಿ, ನಿಮ್ಮಲ್ಲಿ ಬಿಸಿಲು ಚೆನ್ನಾಗಿ ಬೀಳ್ತದೆ' ಎಂದ. ಅಲ್ಲಿಗೇ ನನಗೆ ಅರ್ಥವಾಯಿತು. ಗಲ್ಫಿನಲ್ಲಿ ಟಿವಿ ಕೊಟ್ಟವನು ಹೊಸ ಟಿವಿ ಕೊಂಡಿರಬಹುದು, ಸೋಫಾ ಕೊಟ್ಟವನು ಮನೆ ಬದಲಿಸುತ್ತಿರಬಹುದು. ಕರಿಬೇವಿನ ಗಿಡ ಕೊಟ್ಟವನು ಮಾತ್ರ ಕಾಯಮ್ಮಾಗಿ ಊರಿಗೆ ಹೊರಟವನೇ. ಇಷ್ಟು ವರ್ಷ ಮಗುವಿನ ಹಾಗೆ ಸಾಕಿದ್ದನ್ನು ಯಾರೂ ಸುಮ್ಮನೆ ಕೊಡುವುದಿಲ್ಲ. ಕೆಲವೇ ದಿನಗಳಲ್ಲಿ ಅವನ ಮಿಕ್ಸಿ ಕೇರಳದ ನರ್ಸಮ್ಮನ ಮನೆ ಸೇರಿತೆಂದೂ ಗೊತ್ತಾಯಿತು. ಅವನು ಬಾಯಿ ಬಿಡಲಿಲ್ಲ, ನಾನು ಕೇಳಲಿಲ್ಲ. ಅವನಿಲ್ಲದ ತಾಯಿಫನ್ನು ಯೋಚಿಸಲೂ ನನ್ನಿಂದ ಆಗುತ್ತಿರಲಿಲ್ಲ. 'ಹೋಗಬೇಡ' ಎಂಬ ಮಾತು ನಾಲಗೆಯ ತುದಿಯಲ್ಲಿತ್ತು, ಅಲ್ಲಿಂದ ಮುಂದಕ್ಕೆ ಬರುತ್ತಿರಲಿಲ್ಲ. ಹೆಂಡತಿ ಮಕ್ಕಳ ಹತ್ತಿರ ಹೋಗುವವನನ್ನು 'ನಿಲ್ಲು' ಎನ್ನಲು ನಾನ್ಯಾರು?

ಅದೇ ಹೊತ್ತಿಗೆ ಆಸ್ಪತ್ರೆಗೆ ಹೊಸ ಯಂತ್ರವೊಂದು ಬರುವುದಿತ್ತು. ಸದಾನಂದ ಹೊರಡುವ ಸುದ್ದಿ ಮೇಲಿನವರಿಗೆ ಇನ್ನೂ ಮುಟ್ಟಿರಲಿಲ್ಲ. ಅದನ್ನು ನಡೆಸುವುದು ಕಲಿಯಲು ಅವನನ್ನೂ, ರಿಪೇರಿ ಕಲಿಯಲು ನನ್ನನ್ನೂ ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರಕ್ಕೆ ಕಳಿಸಿದರು. ತರಬೇತಿ ಮುಗಿದ ಮೇಲೆ ಒಂದು ದಿನ ಬಿಡುವು. ಹೋಟೆಲಿನ ಮುಂಭಾಗದಲ್ಲಿ 'ಮಾರ್ಗದರ್ಶಕರೊಂದಿಗೆ ಬಿಯರ್ ರುಚಿಯ ನಡಿಗೆ' ಎಂಬ ಬಣ್ಣದ ಕಾಗದ ಕಂಡಾಗ ನನಗೆ ದೇವರೇ ದಾರಿ ತೋರಿಸಿದಂತಾಯಿತು. ಸೇಬಿನ ರಸಕ್ಕೇ ಅಷ್ಟು ಮಾತಾಡುವ ನಾವು ನಿಜವಾದ ಬಿಯರು ಬಿದ್ದರೆ ಇನ್ನೆಷ್ಟು ಮಾತಾಡಿಯೇವು! ಎರಡು ಗ್ಲಾಸು ಇಳಿದರೆ ಸಾಕು, ಹೇಳಿಬಿಡುತ್ತೇನೆ ಎಂದುಕೊಂಡೆ. ನನ್ನ ಈ ಗುಟ್ಟು ಸದಾನಂದನಿಗೆ ಗೊತ್ತಿರಲಿಲ್ಲ. 'ಹೋಗುವ, ನೋಡುವ, ಎಂತ ಉಂಟು ಅಂತ' ಎಂದು ಷರಟಿಗೆ ಇಸ್ತ್ರಿ ಹಾಕಿಕೊಂಡು ಹೊರಟ.

ನಮ್ಮ ಮಾರ್ಗದರ್ಶಕಿ ಎತ್ತರದ, ಕೆಂಪು ಕೊಡೆಯ ಹುಡುಗಿ. ಗುಂಪಿನಲ್ಲಿ ಬೇರೆ ಬೇರೆ ದೇಶದ ಏಳೆಂಟು ಜನ. ಮೊದಲ ಅಂಗಡಿಯಲ್ಲಿ ಮರದ ಹಲಗೆಯ ಮೇಲೆ ಪುಟ್ಟ ಪುಟ್ಟ ಗ್ಲಾಸುಗಳು ಬಂದವು. ನಮ್ಮಲ್ಲಿ ಕಷಾಯ ಕೊಡುವ ಅಳತೆ. ಕುಡಿಯುವ ಮುಂಚೆ ಬೆಳಕಿಗೆ ಹಿಡಿದು ಬಣ್ಣ ನೋಡಬೇಕಂತೆ, ಗ್ಲಾಸನ್ನು ತಿರುಗಿಸಬೇಕಂತೆ, ಮೂಗು ಒಳಗಿಟ್ಟು ವಾಸನೆ ಎಳೆಯಬೇಕಂತೆ, ಆಮೇಲೆ ಒಂದು ಗುಟುಕು. ಸದಾನಂದ ಜೀವಮಾನವೆಲ್ಲ ಮೂತ್ರದ ಸ್ಯಾಂಪಲನ್ನು ಬೆಳಕಿಗೆ ಹಿಡಿದು ನೋಡಿದವನು. ಅದೇ ಗಾಂಭೀರ್ಯದಿಂದ ಗ್ಲಾಸನ್ನು ಎತ್ತಿ ಹಿಡಿದು ನನ್ನ ಕಡೆ ತಿರುಗಿ ಒಂದು ಮಾತು ಹೇಳಿದ. ಆ ಮಾತನ್ನು ಇಲ್ಲಿ ಬರೆಯಲಾರೆ. ನನಗೆ ಮೊದಲ ಗ್ಲಾಸು ಸೇರಲಿಲ್ಲ.

ಆ ಹುಡುಗಿ ಒಬ್ಬೊಬ್ಬರನ್ನೇ 'ನೀವು ಸಾಮಾನ್ಯವಾಗಿ ಬಿಯರು ಕುಡಿಯುವುದು ಎಲ್ಲಿ' ಎಂದು ಕೇಳುತ್ತ ಬಂದಳು. ನನ್ನ ಸರದಿ ಬಂದಾಗ ಶುಕ್ರವಾರಗಳ ಗುಂಗಿನಲ್ಲಿದ್ದ ನಾನು ತಟಕ್ಕನೆ 'ಸೌದಿ ಅರೇಬಿಯದಲ್ಲಿ' ಎಂದುಬಿಟ್ಟೆ. ಇಡೀ ಗುಂಪು ನನ್ನ ಕಡೆ ತಿರುಗಿತು. ಇವನು ಎಂಥ ಧೈರ್ಯಶಾಲಿ ಇರಬೇಕು ಎಂದು ಅವರ ಕಣ್ಣುಗಳು ಅಗಲವಾದವು. ಹುಡುಗಿ ತಗ್ಗಿದ ದನಿಯಲ್ಲಿ, ಅಲ್ಲಿ ಯಾವ ಬಗೆಯದು ಸಿಗುತ್ತದೆ ಎಂದು ಕೇಳಿದಳು. ಸದಾನಂದ ನನ್ನ ಮಾನ ಕಾಪಾಡಲು ಮುಂದೆ ಬಂದು, ಸೇಬು ಒಳ್ಳೆಯದು, ದಾಳಿಂಬೆ ಸ್ವಲ್ಪ ಸಿಹಿ ಹೆಚ್ಚು ಎಂದು ವಿವರಿಸಿದ. ಅಲ್ಲಿಗೆ ನಮ್ಮ ಧೈರ್ಯದ ಕೀರ್ತಿ ಮುಗಿಯಿತು. ಸಾಲದ್ದಕ್ಕೆ ಕಿಟಕಿಯಾಚೆ ಒಬ್ಬ ಪೊಲೀಸ್ ನಡೆದು ಹೋದಾಗ ನಾವಿಬ್ಬರೂ ಒಟ್ಟಿಗೇ ಗ್ಲಾಸನ್ನು ಮೇಜಿನ ಕೆಳಗೆ ಇಳಿಸಿದೆವು. ಮಕ್ಕಳ ಮಾಲ್ಟನ್ನೂ ಕದ್ದು ಕುಡಿದಂತೆ ಕುಡಿದು ಅಭ್ಯಾಸವಾದ ಕೈಗಳು, ಬೆಲ್ಜಿಯಂ ಎಂದು ಹೇಳಿದರೆ ಕೇಳುತ್ತವೆಯೇ!

ಕೊನೆಯ ಅಂಗಡಿಯಲ್ಲಿ ಕೊಟ್ಟದ್ದು ಹುಳಿ ಬಿಯರು. ಅದಕ್ಕೆ ಹುದುಗು ಹಾಕುವುದಿಲ್ಲವಂತೆ. ತೆರೆದ ಅಟ್ಟದ ಮೇಲೆ ಇಟ್ಟರೆ ಊರಿನ ಗಾಳಿಯೇ ಬಂದು ಹುಳಿ ಬರಿಸುತ್ತದಂತೆ. ಅಲ್ಲಿನ ಜೇಡರ ಬಲೆಗಳನ್ನೂ ತೆಗೆಯುವುದಿಲ್ಲವಂತೆ. ವಸುಧೆ ಕೇಳಿದ್ದರೆ ಅಲ್ಲಿಂದಲೇ ಎದ್ದು ಬರುತ್ತಿದ್ದಳು. ಸದಾನಂದ ಒಂದು ಗುಟುಕು ಕುಡಿದವನು ಕಣ್ಣು ಮುಚ್ಚಿ ಕೂತುಬಿಟ್ಟ. 'ಏನಾಯ್ತು?' ಎಂದೆ. 'ಕಳ್ಳು. ನಮ್ಮ ಊರಿದ್ದೇ. ಬೆಳಗ್ಗೆ ಇಳಿಸಿದ್ದು ಮಧ್ಯಾಹ್ನ ಕಳೆದ ಮೇಲೆ ಹೀಗೇ ಆಗ್ತದೆ' ಎಂದ. ಅವನ ಮುಖ ಆಗಲೇ ಮೂಲ್ಕಿ ಮುಟ್ಟಿತ್ತು. ಹೇಳಬೇಕಾದ ಗಳಿಗೆ ಇದೇ ಎಂದು ನನಗೆ ಗೊತ್ತಾಯಿತು. ಗಂಟಲು ಸರಿಮಾಡಿಕೊಂಡೆ. 'ಸದಾನಂದ ಅವರೇ...' ಎಂದೆ. 'ಹೇಳಿ' ಎಂದ. 'ಚೀಸ್ ತಗೊಳ್ಳಿ' ಎಂದೆ.

ಹೀಗೆಯೇ ಆಯಿತು. ಒಳಗೆ ನಿಜವಾದ ಬಿಯರು ಹೋಗಿತ್ತು, ತಲೆ ಸ್ವಲ್ಪ ಹಗುರವಾಗಿಯೂ ಇತ್ತು, ಆದರೆ ಇಬ್ಬರೂ ಮದುವೆ ಮನೆಯಲ್ಲಿ ಎದುರು ಬದುರು ಕೂತ ಬೀಗರಂತೆ ಮರ್ಯಾದೆಯಿಂದ ಕೂತಿದ್ದೆವು. ಎಲ್ಲಿ ಬಾಯಿ ಜಾರುತ್ತದೋ ಎಂದು ನಾನು ಹಿಡಿದುಕೊಂಡೆ, ಅವನೂ ಹಿಡಿದುಕೊಂಡ. ಶಫಾದಲ್ಲಿ ಬಾಯಿ ಜಾರಿಸಿದ್ದು ನಾವೇ; ಇಲ್ಲಿ ತಾನಾಗಿ ಜಾರಿಬಿಟ್ಟರೆ? ಹೋಟೆಲಿಗೆ ಮರಳುವ ದಾರಿಯಲ್ಲಿ ಒಂದು ಅಂಗಡಿ ಹುಡುಕಿ ಸೋಂಪು ಕೊಂಡು, ಇಬ್ಬರೂ ದವಡೆ ನೋಯುವಷ್ಟು ಅಗಿದು, ಆಮೇಲೇ ಹೆಂಡತಿಯರಿಗೆ ಫೋನು ಮಾಡಿದೆವು. ಫೋನಿನಲ್ಲಿ ವಾಸನೆ ಹೋಗುವುದಿಲ್ಲ ಎಂಬುದು ಹೊಳೆದದ್ದು ಮರುದಿನ ವಿಮಾನದಲ್ಲಿ.

ತಾಯಿಫಿಗೆ ಬಂದ ಮೇಲಿನ ಶುಕ್ರವಾರ ಹಾರ್ನ್ ಕೇಳಿಸಿತು. ಅದೇ ಬಂಡೆ, ಅದೇ ಚಾಪೆ. ಬೆಟ್ಟದ ಕೋತಿಯೊಂದು ದೂರದಲ್ಲಿ ಕೂತು ಗೋಳಿಬಜೆಯ ಮೇಲೆ ಕಣ್ಣಿಟ್ಟಿತ್ತು. ಸೂರ್ಯ ಕೆಳಗಿನ ಕಣಿವೆಗೆ ಇಳಿಯುತ್ತಿದ್ದ. ಎರಡನೆಯ ಬಾಟಲಿಯ ಅರ್ಧಕ್ಕೆ ಬಂದಾಗ ಯಾವ ಪ್ರಯತ್ನವೂ ಇಲ್ಲದೆ ಮಾತು ಬಂದುಬಿಟ್ಟಿತು. 'ಹೋಗ್ಬೇಡ ಕಣೋ. ನೀನು ಹೋದ್ರೆ ನಾನಿಲ್ಲಿ ಯಾರ ಹತ್ರ ಮಾತಾಡ್ಲಿ?' ಎಂದೆ. ಸದಾನಂದ ಕಣಿವೆಯನ್ನು ನೋಡುತ್ತ ಕೂತ. ಅಷ್ಟರಲ್ಲಿ ಕೋತಿ ಬಂದು ಗೋಳಿಬಜೆಯ ಪೊಟ್ಟಣವನ್ನೇ ಎತ್ತಿಕೊಂಡು ಹೋಯಿತು, ಇಬ್ಬರೂ ಕದಲಲಿಲ್ಲ. ಕೊನೆಗೆ ಅವನು ನನ್ನ ಕೈಯಿಂದ ಬಾಟಲಿ ತೆಗೆದು ಪಕ್ಕಕ್ಕೆ ಇಟ್ಟು, 'ಸಾಕು ಮಾರಾಯ, ಇವತ್ತು ನಿಂಗೆ ಹೆಚ್ಚಾಯ್ತು' ಎಂದ.

ಮರುದಿನ ಕಾರಿಡಾರಿನಲ್ಲಿ 'ಗುಡ್ ಮಾರ್ನಿಂಗ್ ಮೂರ್ತಿಯವರೇ' ಎಂದ. ಅಷ್ಟೇ. ನಾನು ಅವನ ಮುಖವನ್ನೇ ನೋಡಿದೆ. ಅದರಲ್ಲಿ ಏನೂ ಇರಲಿಲ್ಲ. ಕಾನೂನನ್ನು ಅವನು ಚಾಚೂ ತಪ್ಪದೆ ಪಾಲಿಸುತ್ತಿದ್ದ. ಜೀವ ಹಿಂಡಿ ಹೇಳಿದ ಒಂದೇ ಒಂದು ಮಾತನ್ನು ನಾನೇ ಲೆಕ್ಕಕ್ಕಿಲ್ಲದ ಜಾಗದಲ್ಲಿ ಹೇಳಿ ಬಂದಿದ್ದೆ. ಮತ್ತೊಮ್ಮೆ ಹಗಲು ಹೊತ್ತಿನಲ್ಲಿ, ಚಹಾ ಕುಡಿಯುತ್ತ ಹೇಳೋಣವೆಂದರೆ 'ಸಕ್ಕರೆ ಸಾಕಾ?' ಎಂಬುದರಿಂದ ಆಚೆಗೆ ನಾಲಗೆ ಹೋಗಲಿಲ್ಲ. ಕೆಲವು ವಾರಗಳಲ್ಲಿ ಅವನ ಕೋಣೆ ಖಾಲಿಯಾಯಿತು.

ಜಿದ್ದಾ ವಿಮಾನ ನಿಲ್ದಾಣಕ್ಕೆ ನಾನೇ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಹೊಸ ಯಂತ್ರದ ಬಗ್ಗೆ ಮಾತಾಡಿದೆವು. ಪೆಟ್ಟಿಗೆ ತಳ್ಳಿಕೊಂಡು ಬಾಗಿಲವರೆಗೆ ಹೋದವನು ತಿರುಗಿ ಬಂದ. ನಡುಮಧ್ಯಾಹ್ನ, ಸುತ್ತ ಜನ. ನನ್ನ ಭುಜ ಹಿಡಿದು, 'ಆವತ್ತು ಶಫಾದಲ್ಲಿ ನೀನು ಹೇಳಿದ್ದು ನಂಗೆ ನೆನಪುಂಟು. ಆಪಲ್ ಜ್ಯೂಸ್ ಕುಡಿದು ಯಾರಿಗೆ ಮರೆತು ಹೋಗ್ತದೆ ಮಾರಾಯ? ಆವತ್ತು ನಾನು ಬಾಯಿ ಬಿಟ್ಟಿದ್ದರೆ ಹೋಗುವುದಿಲ್ಲ ಅಂತಲೇ ಹೇಳ್ತಿದ್ದೆ. ಅದಕ್ಕೇ ಸುಮ್ಮನಿದ್ದದ್ದು' ಎಂದು ಹೇಳಿ, ನಾನು ಬಾಯಿ ತೆರೆಯುವ ಮುಂಚೆಯೇ ಒಳಗೆ ಹೋದ.

ಮರಳಿ ತಾಯಿಫಿನ ಘಾಟಿ ಹತ್ತುವಾಗ ಮೊದಲು ಅತ್ತೆ. ಆಮೇಲೆ, ಮೂರನೆಯದೋ ನಾಲ್ಕನೆಯದೋ ತಿರುವಿನಲ್ಲಿ, ಮೈ ತಣ್ಣಗಾಯಿತು. ಇದು ನೆನಪಿದೆ ಎಂದರೆ ಎಲ್ಲವೂ ನೆನಪಿದೆ! ಅವನು ಹಾಡುವ ಯಕ್ಷಗಾನದ ಭಾಗವತಿಕೆ ಕೇಳಿದರೆ ಆಪರೇಷನ್ ಥಿಯೇಟರಿನ ರೋಗಿಯೂ ಎದ್ದು ಓಡುತ್ತಾನೆ ಎಂದಿದ್ದೆ. ಅವನ ಹೆಂಡತಿಯ ಸಾರಿನಲ್ಲಿ ತೆಂಗಿನಕಾಯಿ ಬಿಟ್ಟು ಬೇರೇನೂ ಇರುವುದಿಲ್ಲ ಎಂದಿದ್ದೆ. ಲ್ಯಾಬಿನ ಯಂತ್ರ ಒಮ್ಮೆ ಸುಟ್ಟುಹೋದದ್ದು ನನ್ನ ಕೈಚಳಕದಿಂದಲೇ ಎಂದೂ ಬಾಯಿ ಬಿಟ್ಟಿದ್ದೆ, ಅದೂ ಎಲ್ಲರೂ ಅವನನ್ನು ಬೈಯುತ್ತಿದ್ದ ದಿನಗಳಲ್ಲಿ. ಇಷ್ಟೆಲ್ಲ ತಲೆಯಲ್ಲಿ ಇಟ್ಟುಕೊಂಡೂ ಆ ಪುಣ್ಯಾತ್ಮ ಪ್ರತಿ ಶುಕ್ರವಾರ ಗೋಳಿಬಜೆ ಕಟ್ಟಿಕೊಂಡು ಬಂದು ನಮ್ಮ ಮನೆ ಮುಂದೆ ಹಾರ್ನ್ ಹಾಕಿದ್ದ.

ಈಗ ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತೇವೆ. ಅವನು ಮಳೆಯ ಬಗ್ಗೆ ಹೇಳುತ್ತಾನೆ, ನಾನು ಯಂತ್ರದ ಬಗ್ಗೆ ಹೇಳುತ್ತೇನೆ, 'ಎಲ್ಲ ಚೆನ್ನಾಗಿದೆ' ಎಂದು ಇಬ್ಬರೂ ಹೇಳುತ್ತೇವೆ. ಅವನು ಆಡಿದ ಮಾತುಗಳೂ ನನಗೆ ಒಂದೊಂದೂ ನೆನಪಿವೆ ಎಂದು ಅವನಿಗೆ ಹೇಳಬೇಕೆಂದಿದ್ದೇನೆ, ಧೈರ್ಯ ಸಾಲದು. ಧೈರ್ಯಕ್ಕೆಂದು ಕಳೆದ ಶುಕ್ರವಾರ ಫ್ರಿಜ್ಜಿನಿಂದ ಸೇಬಿನ ಮಾಲ್ಟ್ ತೆಗೆದು ಒಂದರ ಮೇಲೊಂದು ಮೂರು ಬಾಟಲಿ ಖಾಲಿ ಮಾಡಿದೆ. ಹೊಟ್ಟೆ ಉಬ್ಬರಿಸಿತು. ಒಬ್ಬನೇ ಕುಡಿದರೆ ಅದು ಏರುವುದೇ ಇಲ್ಲ.